ಹಾಫ್ಲಿಂಗ್ ರೋಗ್‌ನ ಬಾಣಕ್ಕೆ ಕತ್ತರಿ ಬೇಡ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ನಡುವೆ ಒಂದು ಅಭಿಪ್ರಾಯ ಬೇರೂರಿಬಿಟ್ಟಿದೆ. ಹಾಫ್ಲಿಂಗ್ ರೋಗ್ ಬಿಲ್ಲು ಹಿಡಿದು ದೂರ ನಿಂತರೆ ಆಟದ ಸಮತೋಲನ ಕೆಡುತ್ತದೆ, ಹತ್ತಿರ ಹೋಗಿ ಬಾಕು ಹಾಕುವವರಿಗೆ ಅನ್ಯಾಯವಾಗುತ್ತದೆ, ಆದ್ದರಿಂದ ದೂರದ ಸ್ನೀಕ್ ಅಟ್ಯಾಕನ್ನು ಕಡಿತ ಮಾಡಬೇಕು ಎಂಬುದು ಅದರ ಸಾರ. ಕಡಿತದ ಬಗೆ ಮೇಜಿನಿಂದ ಮೇಜಿಗೆ ಬೇರೆ. ಒಬ್ಬರು 30 ಅಡಿ ದಾಟಿದರೆ ಸ್ನೀಕ್ ಅಟ್ಯಾಕ್ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಬಿಲ್ಲಿಗೆ ಆರು ಮುಖದ ದಾಳದ ಬದಲು ನಾಲ್ಕು ಮುಖದ್ದು ಸಾಕು ಎನ್ನುತ್ತಾರೆ. ಮತ್ತೊಬ್ಬರು ಜೊತೆಗಾರನ ಬೆನ್ನ ಹಿಂದೆ ಅಡಗುವ ಹಾಫ್ಲಿಂಗ್ ಗುಣವನ್ನು ಒಂದು ಕಾಳಗಕ್ಕೆ ಒಂದೇ ಸಲ ಎಂದು ಕಟ್ಟಿಹಾಕುತ್ತಾರೆ. ಇದನ್ನೆಲ್ಲ ಹೌಸ್ ರೂಲ್ ಎಂದು ಕರೆದು, ಆಟಗಾರರು ತಲೆಯಾಡಿಸುವಷ್ಟರಲ್ಲಿ ಮುಂದಕ್ಕೆ ಹೋಗಿಬಿಡುತ್ತಾರೆ.

ಈ ಮೂರು ಕಡಿತಗಳನ್ನೂ ನಾನು ಒಪ್ಪುವುದಿಲ್ಲ. ದೂರದ ಹೊಡೆತಕ್ಕೆ ಬೇಕಾದ ಕಡಿವಾಣ ಪುಸ್ತಕದಲ್ಲಿ ಆಗಲೇ ಇದೆ. ಆ ನಿಯಮಗಳನ್ನು ಮೇಜಿನಲ್ಲಿ ಪಾಲಿಸದೆ, ಅದರಿಂದಾದ ಏರುಪೇರಿನ ದಂಡವನ್ನು ರೋಗ್ ಆಡುವವರಿಂದ ವಸೂಲು ಮಾಡುತ್ತಿದ್ದೇವೆ.

ಆಟ ಗೊತ್ತಿಲ್ಲದವರಿಗಾಗಿ ನಿಯಮವನ್ನು ಹೇಳಿಬಿಡುತ್ತೇನೆ. ಮೇಜಿನ ಸುತ್ತ ಕೂತ ನಾಲ್ಕೈದು ಜನ ಒಂದೊಂದು ಪಾತ್ರ ಆಡಿಸುತ್ತಾರೆ. ಲೋಕವನ್ನೂ ಶತ್ರುಗಳನ್ನೂ ನಡೆಸುವವರು ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ರೋಗ್ ಎಂದರೆ ಬೀಗ ಬಿಚ್ಚುವ, ಸದ್ದಿಲ್ಲದೆ ನುಸುಳುವ, ಸಮಯ ನೋಡಿ ಹೊಡೆಯುವ ಪಾತ್ರ. ಹಾಫ್ಲಿಂಗರು ಮೂರಡಿ ಎತ್ತರದ ಪುಟ್ಟ ಜನ. 2014ರ ಐದನೇ ಆವೃತ್ತಿಯಲ್ಲಿ ರೋಗ್ ಫಿನೆಸ್ ಗುಣದ ಆಯುಧದಿಂದಲೋ ದೂರದ ಆಯುಧದಿಂದಲೋ ಹೊಡೆದಾಗ ಆ ಹೊಡೆತಕ್ಕೆ ಅಡ್ವಾಂಟೇಜ್ (ಎರಡು ಸಲ ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವ ಅನುಕೂಲ) ಇದ್ದರೆ ಹೆಚ್ಚುವರಿ ದಾಳಗಳು ಸಿಗುತ್ತವೆ. ಅಡ್ವಾಂಟೇಜ್ ಇಲ್ಲದಿದ್ದರೂ ಗುರಿಯ 5 ಅಡಿಯೊಳಗೆ ಅದರ ಇನ್ನೊಬ್ಬ ಶತ್ರು ನಿಂತಿದ್ದರೆ ಸಾಕು, ಆದರೆ ಹೊಡೆಯುವವರಿಗೆ ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಸಣ್ಣದನ್ನು ಹಿಡಿಯುವ ತೊಡಕು) ಇರಬಾರದು. ಒಂದು ಸರದಿಗೆ ಒಮ್ಮೆ ಮಾತ್ರ. ಎಲ್ಲರ ಸರದಿಯೂ ಒಮ್ಮೆ ಮುಗಿದರೆ ಒಂದು ಸುತ್ತು. ಮೊದಲ ಲೆವೆಲ್‌ನಲ್ಲಿ ಆರು ಮುಖದ ಒಂದು ದಾಳ, 19ನೇ ಲೆವೆಲ್‌ಗೆ ಹತ್ತು. ಬಿಲ್ಲಿಗೂ ಬಾಕುವಿಗೂ ದಾಳದ ಸಂಖ್ಯೆ ಒಂದೇ. ಜಗಳ ಹುಟ್ಟಿರುವುದೇ ಈ ಸಮಾನತೆಯಿಂದ.

ಕಡಿತದ ಪರವಾಗಿರುವವರು ಮೊದಲು ಇತಿಹಾಸವನ್ನು ಮುಂದಿಡುತ್ತಾರೆ. ಇದು ಮೂಲತಃ ಬೆನ್ನಿಗೆ ಚೂರಿ ಹಾಕುವ ವಿದ್ಯೆ, ಬಿಲ್ಲಿಗೆ ಆಮೇಲೆ ಸಿಕ್ಕಿದ್ದು ಎನ್ನುತ್ತಾರೆ. ಅದು ನಿಜವೇ. 1975ರ ಗ್ರೇಹಾಕ್ ಪುರವಣಿಯಲ್ಲಿ ಥೀಫ್ ಪಾತ್ರ ಬಂದಾಗ, ಹಿಂದಿನಿಂದ ಹೊಡೆದರೆ ಗುರಿ ತಾಗಲು 4 ಹೆಚ್ಚು, ಪೆಟ್ಟು ಎರಡು ಪಟ್ಟು, ಲೆವೆಲ್ ಏರಿದಂತೆ ಇನ್ನೂ ಹೆಚ್ಚು ಎಂದಿತ್ತು. ಆಟವನ್ನು ಹುಟ್ಟಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1978ರಲ್ಲಿ ತಂದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಆ ಏರಿಕೆ ಐದು ಪಟ್ಟಿನವರೆಗೂ ಎಂದಾಯಿತು. 2000ದಲ್ಲಿ ಬಂದ ಮೂರನೇ ಆವೃತ್ತಿ ಅದನ್ನು ಸ್ನೀಕ್ ಅಟ್ಯಾಕ್ ಎಂಬ ದಾಳಗಳ ರೂಪಕ್ಕೆ ತಂದು ಬಿಲ್ಲಿಗೂ ಬಾಗಿಲು ತೆರೆಯಿತು. ಜೊತೆಗೇ 30 ಅಡಿಯ ಗಡಿಯನ್ನೂ ಹಾಕಿತು. ಇಂದಿನ ಹೌಸ್ ರೂಲಿನ ತವರು ಅದೇ.

ಆದರೆ ಆ ಗಡಿ ಯಾವ ನಿಯಮಗಳ ನಡುವೆ ಇತ್ತು ಎಂಬುದನ್ನು ಇವರು ಹೇಳುವುದಿಲ್ಲ. ಮೂರನೇ ಆವೃತ್ತಿಯ ರೋಗ್ ಒಂದೇ ಸರದಿಯಲ್ಲಿ ಹಲವು ಸಲ ಹೊಡೆಯಬಹುದಿತ್ತು. ಷರತ್ತು ಕೂಡಿಬಂದರೆ ಪ್ರತಿ ಹೊಡೆತಕ್ಕೂ ಸ್ನೀಕ್ ಅಟ್ಯಾಕ್ ದಾಳಗಳು ಪೂರ್ತಿ ಸೇರುತ್ತಿದ್ದವು. ಮೂರು ಬಾಣ ತಾಗಿದರೆ ಮೂರಕ್ಕೂ. ಅಂಥ ಶಕ್ತಿಗೆ 30 ಅಡಿಯ ಬೇಲಿ ಬೇಕೇ ಬೇಕಿತ್ತು. ಸಾಲದ್ದಕ್ಕೆ, ಅಸ್ಥಿಪಂಜರ, ಜೊಂಬಿ, ಯಂತ್ರಜೀವಿ, ಲೋಳೆಜೀವಿಗಳಿಗೆ ಸ್ನೀಕ್ ಅಟ್ಯಾಕ್ ನಾಟುತ್ತಲೇ ಇರಲಿಲ್ಲ. ಜೊತೆಗಾರ ಕೈಕೈ ಮಿಲಾಯಿಸಿರುವ ಶತ್ರುವಿನತ್ತ ಬಾಣ ಬಿಟ್ಟರೆ 4 ಅಂಕ ಕಡಿತ ಬೇರೆ. 2008ರ ನಾಲ್ಕನೇ ಆವೃತ್ತಿ ಸ್ನೀಕ್ ಅಟ್ಯಾಕನ್ನು ಸುತ್ತಿಗೆ ಒಂದು ಸಲಕ್ಕೆ ಇಳಿಸಿತು. ಐದನೆಯದು ಸರದಿಗೆ ಒಂದು ಎಂದಿತು, 30 ಅಡಿಯ ಗಡಿ ಅದರಲ್ಲಿ ಇಲ್ಲ. ಎರಡೂ ಒಂದೇ ಕೊಡುಕೊಳ್ಳುವಿಕೆಯ ಎರಡು ಭಾಗಗಳು. ಈಗ ಗಡಿಯನ್ನು ಮಾತ್ರ ವಾಪಸು ತಂದು, ಪ್ರತಿ ಬಾಣಕ್ಕೂ ದಾಳ ಕೊಡುವುದನ್ನು ಮರೆತರೆ ಅದು ಹಳೆಯ ನಿಯಮಕ್ಕೆ ಮರಳಿದಂತೆ ಆಗುವುದಿಲ್ಲ. ಹಳೆಯ ನಿಯಮದ ದಂಡವನ್ನಷ್ಟೇ ಆರಿಸಿಕೊಂಡಂತೆ ಆಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ದೂರದ ಹೊಡೆತವೇ ಬಲಶಾಲಿ ಎಂದು ಹೇಳುವವರು ಹೆಚ್ಚಾಗಿ ಕೂಡಿ ಕಳೆದು ನೋಡಿರುವುದಿಲ್ಲ.

ಐದನೇ ಲೆವೆಲ್‌ನ ಹಾಫ್ಲಿಂಗ್ ರೋಗ್ ಒಬ್ಬಳನ್ನು ತೆಗೆದುಕೊಳ್ಳಿ. ಡೆಕ್ಸ್‌ಟೆರಿಟಿ 18, ದಾಳಿಗೆ 7 ಸೇರುತ್ತದೆ, ಸ್ನೀಕ್ ಅಟ್ಯಾಕ್ ಮೂರು ದಾಳ. ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ತಾಗಲು ಮುಟ್ಟಬೇಕಾದ ಅಂಕ, 15. ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ ನೂರಕ್ಕೆ 65. ಶಾರ್ಟ್‌ಬೋದಿಂದ ಒಂದು ಬಾಣ ತಾಗಿದರೆ ಸರಾಸರಿ ಪೆಟ್ಟು 18. ತಪ್ಪುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದರೆ ಸರದಿಗೆ 11.7. ಅವಳು ಅಡಗಿ ಅಡ್ವಾಂಟೇಜ್ ಗಳಿಸಿದಳು ಎನ್ನಿ, ಆಗ ತಾಗುವ ಸಾಧ್ಯತೆ ಸುಮಾರು 88ಕ್ಕೆ ಏರುತ್ತದೆ, ಪೆಟ್ಟು 15.8 ಆಗುತ್ತದೆ.

ಈಗ ಅವಳೇ ಎರಡು ಕೈಯಲ್ಲಿ ಎರಡು ಗಿಡ್ಡ ಕತ್ತಿ ಹಿಡಿದು, ಜೊತೆಗಾರ ಫೈಟರ್ ಅಡ್ಡಗಟ್ಟಿರುವ ಅದೇ ಎದುರಾಳಿಯ ಪಕ್ಕಕ್ಕೆ ಬರಲಿ. ಅಡ್ವಾಂಟೇಜ್ ಇಲ್ಲ, ಅಡಗುವುದೂ ಇಲ್ಲ. ಮೊದಲ ಕತ್ತಿ ತಪ್ಪಿದರೆ ಬೋನಸ್ ಆಕ್ಷನ್‌ನಲ್ಲಿ ಎರಡನೆಯದು ಇದೆ. ಎರಡರಲ್ಲಿ ಒಂದು ತಾಗಿದರೂ ಸ್ನೀಕ್ ಅಟ್ಯಾಕ್ ಬಿತ್ತು, ಅದರ ಸಾಧ್ಯತೆಯೂ ಸುಮಾರು 88. ಸರದಿಯ ಒಟ್ಟು ಸರಾಸರಿ 16.4. ಅಡಗಿ ಬಿಟ್ಟ ಬಾಣಕ್ಕಿಂತ ಇದೇ ಹೆಚ್ಚು. ಕ್ರಿಟಿಕಲ್ ಹೊಡೆತಗಳನ್ನೂ ಹಾಫ್ಲಿಂಗರ ಲಕ್ಕಿ ಗುಣವನ್ನೂ ಸೇರಿಸಿ ಲೆಕ್ಕ ಹಾಕಿದರೂ ಈ ಕ್ರಮ ಬದಲಾಗುವುದಿಲ್ಲ.

ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ನಿಯಮ ಹೇಳುವುದು ಸರದಿಗೆ ಒಮ್ಮೆ ಎಂದು, ಸುತ್ತಿಗೆ ಒಮ್ಮೆ ಎಂದಲ್ಲ. ಎದುರಾಳಿ ತನ್ನ ಸರದಿಯಲ್ಲಿ ಅವಳ ಪಕ್ಕದಿಂದ ಜಾರಿಕೊಳ್ಳಲು ನೋಡಿದರೆ ರಿಯಾಕ್ಷನ್‌ನಲ್ಲಿ ಅವಳು ಇನ್ನೊಂದು ಏಟು ಹಾಕಬಹುದು. ಆ ಸರದಿ ಅವಳದಲ್ಲ, ಎದುರಾಳಿಯದು. ಹಾಗಾಗಿ ಷರತ್ತು ಕೂಡಿದ್ದರೆ ಮೂರು ದಾಳ ಮತ್ತೆ ಉರುಳುತ್ತವೆ, ಇನ್ನೊಂದು 11.7. ಇಂಥ ಆಪರ್ಚುನಿಟಿ ಅಟ್ಯಾಕ್ ಕೈಯಳತೆಯ ಆಯುಧಕ್ಕೆ ಮಾತ್ರ ಉಂಟು, ಬಿಲ್ಲಿಗೆ ಇಲ್ಲ. ಸೆಂಟಿನೆಲ್ ಎಂಬ ಫೀಟ್ ಪಡೆದ ರೋಗ್‌ಗಂತೂ ಎದುರಾಳಿ ಓಡಿಹೋಗಬೇಕೆಂದೇ ಇಲ್ಲ. ಪಕ್ಕದ ಫೈಟರ್‌ಗೆ ಅವನು ಹೊಡೆಯಲು ಕತ್ತಿ ಎತ್ತಿದರೆ ಸಾಕು. ಹತ್ತಿರದ ರೋಗ್‌ಗೆ ಅನ್ಯಾಯವಾಗಿದೆ ಎನ್ನುವವರು ಅವಳ ಕೈಯಲ್ಲಿರುವ ಈ ಎರಡನೇ ಸ್ನೀಕ್ ಅಟ್ಯಾಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಟ ಮಾಡಿದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. 2022ರಲ್ಲಿ ಹೊಸ ನಿಯಮಗಳನ್ನು ಪರೀಕ್ಷೆಗೆ ಬಿಟ್ಟಾಗ ಆಟದ ಪ್ರಕಾಶನ ಸಂಸ್ಥೆ ವಿಝರ್ಡ್ಸ್ ಆಫ್ ದ ಕೋಸ್ಟ್ ಸ್ನೀಕ್ ಅಟ್ಯಾಕನ್ನು ರೋಗ್‌ನ ಸ್ವಂತ ಸರದಿಗೆ ಕಟ್ಟಿಹಾಕಿತ್ತು. 2024ರ ಪುಸ್ತಕ ಅಚ್ಚಾಗಿ ಬಂದಾಗ ಹಳೆಯ ಮಾತೇ ಉಳಿದಿತ್ತು.

ಹಾಗಿದ್ದರೆ ಬಿಲ್ಲು ಬಲಶಾಲಿ ಎಂಬ ಭಾವನೆ ಅಷ್ಟು ಮೇಜುಗಳಲ್ಲಿ ಬಂದದ್ದು ಎಲ್ಲಿಂದ? ಭಾವನೆ ಸುಳ್ಳಲ್ಲ. ಆ ಮೇಜುಗಳಲ್ಲಿ ಬಿಲ್ಲು ನಿಜಕ್ಕೂ ಬಲಶಾಲಿಯಾಗಿರುತ್ತದೆ, ಯಾಕೆಂದರೆ ಅಲ್ಲಿ ಬೆಳಕು, ಮರೆ, ಶತ್ರುವಿನ ನಡತೆ ಮೂರನ್ನೂ ಯಾರೂ ಗಮನಿಸುತ್ತಿರುವುದಿಲ್ಲ.

ಬೆಂಗಳೂರಿನ ಒಂದು ಬೋರ್ಡ್‌ಗೇಮ್ ಕೆಫೆಯಲ್ಲಿ ಪಕ್ಕದಲ್ಲಿ ಕೂತು ಒಂದು ಕಾಳಗ ನೋಡಿದ್ದೆ. ಗುಹೆಯ ಒಳಗೆ ಅಗಲವಾದ ದಾರಿ. ಮುಂದೆ ಫೈಟರ್ ಮತ್ತು ಕ್ಲೆರಿಕ್ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು. ಹಿಂದೆ ಹಾಫ್ಲಿಂಗ್ ರೋಗ್, ಆಡಿಸುತ್ತಿದ್ದವಳು ಒಬ್ಬ ಕಾಲೇಜು ಹುಡುಗಿ. ಎದುರಿಗೆ ನಾಲ್ಕು ಗಾಬ್ಲಿನ್‌ಗಳು. ಪ್ರತಿ ಸರದಿಯಲ್ಲೂ ಅವಳು ಕ್ಲೆರಿಕ್ ಬೆನ್ನ ಹಿಂದೆ ಅಡಗಿ ಬಾಣ ಬಿಡುತ್ತಿದ್ದಳು, ಗಾಬ್ಲಿನ್ ಬೀಳುತ್ತಿತ್ತು. ಕಾಳಗ ಹೀಗೇ ಮುಗಿದ ಮೇಲೆ ಡಿಎಂ ಪುಸ್ತಕ ಮುಚ್ಚಿಟ್ಟು, ಇನ್ನು ಮುಂದೆ ಬಿಲ್ಲಿಗೆ ನಾಲ್ಕು ಮುಖದ ದಾಳ ಎಂದರು. ಅವಳು ಮರುಮಾತಾಡದೆ ತನ್ನ ಕೆಂಪು ದಾಳಗಳನ್ನು ಚೀಲಕ್ಕೆ ಹಾಕಿ ಪಕ್ಕದವನಿಂದ ಬೇರೆ ದಾಳ ಕೇಳಿ ತೆಗೆದುಕೊಂಡಳು.

ಆ ಕಾಳಗದಲ್ಲಿ ಬಿಟ್ಟುಹೋದ ನಿಯಮಗಳನ್ನು ನೋಡಿ. ಹಾಫ್ಲಿಂಗರಿಗೆ ಡಾರ್ಕ್‌ವಿಶನ್ ಇಲ್ಲ. 2014ರ ಪುಸ್ತಕದಲ್ಲಿ ಎಲ್ಫ್, ಡ್ವಾರ್ಫ್, ನೋಮ್ ಜನಕ್ಕೆ ಕತ್ತಲಲ್ಲಿ 60 ಅಡಿ ಕಾಣುತ್ತದೆ, ಹಾಫ್ಲಿಂಗಿಗೆ ಮನುಷ್ಯರಷ್ಟೇ ದೃಷ್ಟಿ. ಗುಹೆಯಲ್ಲಿ ಇದ್ದದ್ದು ಫೈಟರ್ ಕೈಯ ಒಂದು ಪಂಜು. ಪಂಜಿನ ಬೆಳಕು 20 ಅಡಿ ಚೆನ್ನಾಗಿ, ಇನ್ನೊಂದು 20 ಅಡಿ ಮಬ್ಬಾಗಿ ಹರಡುತ್ತದೆ. ಅದರಾಚೆ ಇರುವುದು ಅವಳಿಗೆ ಕಾಣದು. ಕಾಣದ ಗುರಿಗೆ ಬಿಟ್ಟ ಬಾಣಕ್ಕೆ ಡಿಸ್‌ಅಡ್ವಾಂಟೇಜ್, ಆಗ ಪಕ್ಕದಲ್ಲಿ ಜೊತೆಗಾರ ಇದ್ದಾನೆ ಎಂಬ ಆಧಾರದ ಮೇಲೆ ಸ್ನೀಕ್ ಅಟ್ಯಾಕ್ ಸಿಗುವುದಿಲ್ಲ. ಶಾರ್ಟ್‌ಬೋದ ವ್ಯಾಪ್ತಿ 80 ಅಡಿ ಎಂದು ಪುಸ್ತಕದಲ್ಲಿ ಇರಬಹುದು. ಆ ಗುಹೆಯಲ್ಲಿ ಅದು ಪಂಜಿನ ಬೆಳಕು ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ ಮಾತ್ರ. ತಾನೇ ಪಂಜು ಹಿಡಿದರೆ ಅಡಗುವ ಮಾತೇ ಇಲ್ಲ.

ಮರೆಯ ವಿಷಯ ಇನ್ನೂ ಮುಖ್ಯ. ನಡುವೆ ಒಂದು ಜೀವಿ ಅಡ್ಡ ನಿಂತಿದ್ದರೆ ಗುರಿಗೆ ಅರ್ಧ ಮರೆ ಸಿಗುತ್ತದೆ, ಆರ್ಮರ್ ಕ್ಲಾಸ್ 2 ಏರುತ್ತದೆ. ಆ ಜೀವಿ ಶತ್ರುವಾಗಿರಲಿ ಮಿತ್ರನಾಗಿರಲಿ, ನಿಯಮ ಒಂದೇ ಎಂದು ಪುಸ್ತಕ ಬಿಡಿಸಿ ಹೇಳಿದೆ. ಲೈಟ್‌ಫುಟ್ ಹಾಫ್ಲಿಂಗ್ ತನಗಿಂತ ದೊಡ್ಡವರ ಹಿಂದೆ ಅಡಗಬಹುದು, ಅದು ಅವಳ ಹುಟ್ಟುಗುಣ. ಆದರೆ ಯಾವ ಕ್ಲೆರಿಕ್ ಅವಳನ್ನು ಮರೆಮಾಡುತ್ತಾಳೋ ಅದೇ ಕ್ಲೆರಿಕ್ ಅವಳ ಬಾಣದ ದಾರಿಗೂ ಅಡ್ಡ ನಿಂತಿರುತ್ತಾಳೆ. ಒಂದು ದೇಹ ಅಡಗಲಿಕ್ಕೆ ಗೋಡೆ, ಬಾಣಕ್ಕೆ ಗಾಳಿ ಎಂದು ಆಗಲಾರದು. ಈ ಅರ್ಧ ಮರೆಯನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಆಗ ಹೇಳಿದ 15.8 ಇಳಿದು 14.4 ಆಗುತ್ತದೆ. ಐದನೇ ಲೆವೆಲ್‌ನ ಫೈಟರ್ ಗ್ರೇಟ್‌ಸ್ವೋರ್ಡ್ ಹಿಡಿದು ಅದೇ ಎದುರಾಳಿಗೆ ಎರಡು ಏಟು ಹಾಕಿದರೆ ಸರಾಸರಿ 14.3. ಯಾರ ಕೈಯನ್ನೂ ಕತ್ತರಿಸದೆ, ಹೊಸ ನಿಯಮ ಒಂದನ್ನೂ ಬರೆಯದೆ, ಇಬ್ಬರೂ ಪಕ್ಕಪಕ್ಕಕ್ಕೆ ಬಂದು ನಿಂತರು. ಅವಳು ಪಕ್ಕಕ್ಕೆ ಸರಿದು ಬಯಲಿಗೆ ಬಂದು ಹೊಡೆಯುತ್ತೇನೆ ಎಂದರೆ, ಅಡಗಿದ್ದು ಮುಗಿಯಿತು ಎನ್ನುವ ಅಧಿಕಾರ ಡಿಎಂಗೆ ಇದೆ. ಯಾವ ಸ್ಥಿತಿಯಲ್ಲಿ ಅಡಗಬಹುದು ಎಂಬುದರ ತೀರ್ಮಾನವನ್ನು 2014ರ ನಿಯಮ ಡಿಎಂ ಕೈಗೇ ಕೊಟ್ಟಿದೆ.

ಗಾಬ್ಲಿನ್‌ಗಳ ನಡತೆ ಮೂರನೆಯದು. ನಾಲ್ಕೂ ಸತ್ತುಬೀಳುವವರೆಗೆ ಫೈಟರ್‌ನನ್ನೇ ಹೊಡೆದವು. ತಮ್ಮವರು ಒಬ್ಬೊಬ್ಬರಾಗಿ ಬಾಣಕ್ಕೆ ಉರುಳುತ್ತಿದ್ದರೂ ಒಂದು ಗಾಬ್ಲಿನ್‌ಗೂ ಆ ಬಾಣ ಎಲ್ಲಿಂದ ಬಂತು ಎಂದು ನೋಡುವ ಮನಸ್ಸಾಗಲಿಲ್ಲ. ಗಾಬ್ಲಿನ್ ಕೈಯಲ್ಲೂ ಶಾರ್ಟ್‌ಬೋ ಇದೆ. ಹೊಡೆದು ಅಡಗುವ ಬೋನಸ್ ಆಕ್ಷನ್ ಅದಕ್ಕೂ ಇದೆ, ಜೊತೆಗೆ ಕತ್ತಲಲ್ಲಿ 60 ಅಡಿ ಕಾಣುವ ಕಣ್ಣು. ಬಾಣ ಬಿಟ್ಟ ಕ್ಷಣಕ್ಕೆ, ತಾಗಲಿ ತಾಗದಿರಲಿ, ಅಡಗಿದವರ ಜಾಗ ಬಯಲಾಗುತ್ತದೆ ಎಂದು ನಿಯಮವಿದೆ. ಒಂದು ಗಾಬ್ಲಿನ್ ಸಂದಿನಲ್ಲಿ ನುಸುಳಿ ಅವಳ 5 ಅಡಿಯೊಳಗೆ ಬಂದು ನಿಂತರೆ ಸಾಕು, ಅವಳ ಬಿಲ್ಲಿಗೆ ಡಿಸ್‌ಅಡ್ವಾಂಟೇಜ್. ಆ ಒಂದು ಹೆಜ್ಜೆ ಮಾಡುವ ಕೆಲಸವನ್ನು ನಾಲ್ಕು ಮುಖದ ದಾಳ ಮಾಡಲಾರದು. ದಾಳ ಕಡಿಮೆಯಾದರೆ ಅವಳು ನಿಂತಲ್ಲೇ ನಿಂತು ಸ್ವಲ್ಪ ಕಡಿಮೆ ಪೆಟ್ಟು ಕೊಡುತ್ತಾಳೆ ಅಷ್ಟೆ. ಗಾಬ್ಲಿನ್ ಬಂದರೆ ಅವಳು ಓಡಬೇಕು, ಬಿಲ್ಲು ಎಸೆದು ಬಾಕು ಹಿರಿಯಬೇಕು, ಕ್ಲೆರಿಕ್‌ಳನ್ನು ಕೂಗಬೇಕು. ಅಲ್ಲಿ ಆಟ ಹುಟ್ಟುತ್ತದೆ.

ದಾಳ ಕತ್ತರಿಸುವುದರಿಂದ ಆಗುವ ನಷ್ಟ ಸಣ್ಣದು ಎಂದು ಸಮಾಧಾನ ಹೇಳುವವರಿದ್ದಾರೆ. ಐದನೇ ಲೆವೆಲ್‌ನಲ್ಲಿ ಮೂರು ದಾಳಕ್ಕೆ ಸರಾಸರಿ 3 ಅಂಕ ಹೋಗುತ್ತದೆ, 19ರಲ್ಲಿ 35 ಇದ್ದದ್ದು 25ಕ್ಕೆ ಇಳಿಯುತ್ತದೆ. ಫೈಟರ್‌ಗೆ ಐದನೇ ಲೆವೆಲ್‌ನಲ್ಲಿ ಎರಡನೇ ಏಟು, 11ರಲ್ಲಿ ಮೂರನೆಯದು, 20ರಲ್ಲಿ ನಾಲ್ಕನೆಯದು ಬರುತ್ತದೆ. ರೋಗ್‌ಗೆ ಯಾವತ್ತೂ ಅದು ಬರುವುದಿಲ್ಲ. ಅವಳ ಎರಡನೇ, ಮೂರನೇ ಏಟುಗಳೆಲ್ಲ ಸ್ನೀಕ್ ಅಟ್ಯಾಕ್ ದಾಳಗಳಲ್ಲೇ ಅಡಗಿವೆ. ಫೈಟರ್‌ಗೆ ನಿನ್ನ ಎರಡನೇ ಏಟು ಅರ್ಧ ಎಂದು ಯಾವ ಡಿಎಂ ಹೇಳುತ್ತಾರೆ? ರೋಗ್‌ಗೆ ಹೇಳಲು ಮಾತ್ರ ಸಂಕೋಚವಿಲ್ಲ.

ಇವರ ವಾದಗಳಲ್ಲಿ ನಾನು ಗೌರವಿಸುವುದು ಅಪಾಯದ ವಾದವನ್ನು. ಹತ್ತಿರ ಹೋಗುವವಳು ಪ್ರಾಣ ಒತ್ತೆ ಇಡುತ್ತಾಳೆ, ದೂರ ನಿಂತವಳು ಇಡುವುದಿಲ್ಲ, ಇಬ್ಬರಿಗೂ ಒಂದೇ ಫಲ ಸಲ್ಲದು ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ದೂರ ನಿಂತ ರೋಗ್‌ನ ಕ್ಷೇಮ ಬಹುಮಟ್ಟಿಗೆ ಸಾಲದ್ದು. ಅವಳ ಪಾಲಿನ ಏಟುಗಳೂ ಫೈಟರ್ ಮೈಮೇಲೆ ಬೀಳುತ್ತವೆ. ಐದನೇ ಲೆವೆಲ್‌ನಲ್ಲಿ ಅವಳಿಗಿರುವ 38 ಹಿಟ್ ಪಾಯಿಂಟ್ ಯಾರ ಉಪಯೋಗಕ್ಕೂ ಬಾರದೆ ಹಿಂದೆ ನಿಂತಿರುತ್ತದೆ. ಇದನ್ನು ಒಪ್ಪುತ್ತೇನೆ. ಆದರೆ ಇದಕ್ಕೆ ಅವರು ಹೇಳುವ ಮದ್ದನ್ನು ಒಪ್ಪಲಾರೆ. ಹತ್ತಿರ ಹೋಗುವುದರ ಫಲ ಎರಡು ಕತ್ತಿ ಮತ್ತು ರಿಯಾಕ್ಷನ್ ಮೂಲಕ ಆಗಲೇ ಸಲ್ಲುತ್ತಿದೆ ಎಂದು ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅದಕ್ಕೆ ತೆರಬೇಕಾದ ಬೆಲೆಯೂ ನಿಯಮದಲ್ಲೇ ಇದೆ. ಬೋನಸ್ ಆಕ್ಷನ್ ಸರದಿಗೆ ಒಂದೇ. ಅದನ್ನು ಎರಡನೇ ಕತ್ತಿಗೆ ಕೊಟ್ಟರೆ ಡಿಸ್‌ಎಂಗೇಜ್ ಮಾಡಿ ಜಾರಿಕೊಳ್ಳಲು ಉಳಿಯುವುದಿಲ್ಲ. ರಿಯಾಕ್ಷನ್ ಸುತ್ತಿಗೆ ಒಂದೇ. ಅದನ್ನು ಏಟಿಗೆ ಬಳಸಿದರೆ, ಬಿದ್ದ ಪೆಟ್ಟನ್ನು ಅರ್ಧ ಮಾಡುವ ಅನ್‌ಕ್ಯಾನಿ ಡಾಜ್‌ಗೆ ಇಲ್ಲ. ಹೊಡೆಯಲೋ, ಉಳಿಯಲೋ ಎಂದು ಪ್ರತಿ ಸರದಿಯಲ್ಲೂ ಅವಳು ಯೋಚಿಸಬೇಕು. ಹತ್ತಿರದ ರೋಗ್ ಆಡುವ ಸುಖ ಇರುವುದೇ ಈ ಯೋಚನೆಯಲ್ಲಿ. ದೂರದವಳ ದಾಳ ಕಿತ್ತುಕೊಂಡರೆ ಆ ಸುಖ ಒಂದು ಕೂದಲೆಳೆಯಷ್ಟೂ ಹೆಚ್ಚಾಗುವುದಿಲ್ಲ.

ನಮ್ಮ ಆಡು-ಹುಲಿ ಆಟದಲ್ಲಿ ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಕೊಲ್ಲುತ್ತದೆ, ಆಡು ಕೊಲ್ಲಲಾರದು, ದಾರಿ ಕಟ್ಟಿ ಗೆಲ್ಲುತ್ತದೆ. ಎರಡಕ್ಕೂ ಒಂದೇ ಬಲ ಕೊಡಿ ಎಂದು ಯಾರೂ ಕೇಳಿದ್ದಿಲ್ಲ, ಯಾಕೆಂದರೆ ಅಲ್ಲಿನ ನ್ಯಾಯ ಕಾಯಿಯಲ್ಲಿಲ್ಲ, ನೆಲದ ಮೇಲೆ ಎಳೆದ ಗೆರೆಗಳಲ್ಲಿದೆ. ಬೇರೆ ರೋಲ್‌ಪ್ಲೇಯಿಂಗ್ ಆಟ ಮಾಡಿದವರೂ ಇದನ್ನು ಅರಿತಿದ್ದಾರೆ. 2019ರಲ್ಲಿ ಬಂದ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಇಬ್ಬರು ಎರಡು ಬದಿ ನಿಂತು ಶತ್ರುವನ್ನು ಇಕ್ಕಟ್ಟಿಗೆ ಸಿಕ್ಕಿಸುವ ಸೌಕರ್ಯ ಕೈಯಳತೆಯಲ್ಲಿ ಹೊಡೆಯುವವರಿಗೆ ಮಾತ್ರ. ಬಿಲ್ಲಿನವರು ಅಡಗಬೇಕು, ಇಲ್ಲವೇ ಬೇರೆ ಉಪಾಯ ಹುಡುಕಬೇಕು. ಷರತ್ತು ಬೇರೆ ಬೇರೆ, ದಾಳ ಒಂದೇ. 2023ರ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಆಟದಲ್ಲಿ ಹತ್ತಿರದ ಮತ್ತು ದೂರದ ಸ್ನೀಕ್ ಅಟ್ಯಾಕ್‌ಗೆ ಎರಡು ಬೇರೆ ಗುಂಡಿಗಳೇ ಇವೆ, ಅಲ್ಲೂ ದಾಳ ಒಂದೇ.

ಹಾಫ್ಲಿಂಗ್ ಎಂದರೆ ದೂರ ನಿಂತು ಹೊಡೆಯುವ ಜನ, ಹತ್ತಿರ ಹೋಗುವುದು ಅವರಿಗೆ ಹೇಳಿಸಿದ್ದಲ್ಲ ಎಂಬ ಮಾತೂ ಅಪಾಯದ ವಾದದ ಬೆನ್ನಿಗೇ ಬರುತ್ತದೆ. ಈ ಜನ ಆಟಕ್ಕೆ ಬಂದದ್ದು ಟೋಲ್ಕಿನ್ ಕಥೆಗಳಿಂದ. ಮೊದಲ ಮುದ್ರಣಗಳಲ್ಲಿ ಹಾಬಿಟ್ ಎಂದೇ ಹೆಸರಿತ್ತು, ಹಕ್ಕುದಾರರ ಆಕ್ಷೇಪದ ಮೇಲೆ 1970ರ ದಶಕದಲ್ಲಿ ಹಾಫ್ಲಿಂಗ್ ಆಯಿತು. ಆ ಕಥೆಗಳಲ್ಲಿ ಎರಡೂ ಬಗೆಯ ಹೊಡೆತ ಇದೆ. ಮಿರ್ಕ್‌ವುಡ್ ಕಾಡಿನಲ್ಲಿ ಹಾಬಿಟ್ ಬಿಲ್ಬೊ ಕಣ್ಣಿಗೆ ಕಾಣದೆ ನಿಂತು ದೈತ್ಯ ಜೇಡಗಳಿಗೆ ಕಲ್ಲು ಬೀರುತ್ತಾನೆ. ಪೆಲೆನ್ನೋರ್ ಬಯಲಿನಲ್ಲಿ ಎಯೋವಿನ್ ಎದುರು ನಿಂತ ಮಾಟಗಾರ ರಾಜನ ಮಂಡಿಯ ಹಿಂದೆ ಇನ್ನೊಬ್ಬ ಹಾಬಿಟ್ ಮೆರ್ರಿ ಕತ್ತಿ ಇರಿಯುತ್ತಾನೆ. ಎದುರಾಳಿಯ ಪಕ್ಕದಲ್ಲಿ ಒಬ್ಬ ಜೊತೆಗಾರ್ತಿ, ಅವನ ಗಮನವೆಲ್ಲ ಅವಳ ಮೇಲೆ, ಹಿಂದಿನಿಂದ ಒಬ್ಬ ಪುಟ್ಟ ಮನುಷ್ಯ. ಐದನೇ ಆವೃತ್ತಿಯ ಷರತ್ತು ಇದಕ್ಕಿಂತ ಚೆನ್ನಾಗಿ ಎಲ್ಲೂ ಕೂಡಿಬಂದಿಲ್ಲ.

ಆಟದ ಹಾಫ್ಲಿಂಗಿಗೂ ಹತ್ತಿರ ಹೋಗುವ ಗುಣಗಳಿವೆ, ಅವನ್ನು ನೆನಪಿಡುವವರು ಕಡಿಮೆ. ತನಗಿಂತ ದೊಡ್ಡ ಯಾವ ಜೀವಿಯ ಜಾಗದ ಮೂಲಕವೂ ಅವಳು ನುಸುಳಬಹುದು. ಓಗರ್ ದಾರಿಗೆ ಅಡ್ಡ ನಿಂತಿದೆ, ಅದರ ಹಿಂದೆ ಮಾಂತ್ರಿಕ ಮಂತ್ರ ಹೇಳುತ್ತಿದ್ದಾನೆ ಎನ್ನಿ. ಫೈಟರ್‌ಗೆ ಅಲ್ಲಿ ದಾರಿಯಿಲ್ಲ. ಹಾಫ್ಲಿಂಗ್ ಡಿಸ್‌ಎಂಗೇಜ್ ಮಾಡಿ ಓಗರ್‌ನ ಕಾಲ ಸಂದಿಯಿಂದಲೇ ಆಚೆ ಹೋಗುತ್ತಾಳೆ. ಸ್ವಾಶ್‌ಬಕ್ಲರ್ ಉಪವರ್ಗದವಳಾದರೆ ಅಲ್ಲಿ ಜೊತೆಗಾರರೂ ಬೇಕಿಲ್ಲ. ಮಾಂತ್ರಿಕನ ಹತ್ತಿರ ಒಂಟಿಯಾಗಿ ನಿಂತು, ತನ್ನ 5 ಅಡಿಯೊಳಗೆ ಬೇರೆ ಯಾರೂ ಇಲ್ಲದಿದ್ದರೆ ಸ್ನೀಕ್ ಅಟ್ಯಾಕ್ ಸಿಗುತ್ತದೆ. ಇರಿದ ಮೇಲೆ ಆ ಮಾಂತ್ರಿಕ ಅವಳನ್ನು ಹೋಗದಂತೆ ತಡೆದು ಹೊಡೆಯಲಾರ. ಇಂಥದ್ದು ಬಿಲ್ಲಿನಿಂದ ಆಗುವುದಿಲ್ಲ. ಆಟಗಾರರು ಹತ್ತಿರ ಹೋಗುತ್ತಿಲ್ಲ ಎಂದು ದೂರುವ ಡಿಎಂ ತಮ್ಮ ನಕ್ಷೆಯಲ್ಲಿ ಇಂಥ ಓಗರ್, ಇಂಥ ಮಾಂತ್ರಿಕನನ್ನು ಎಷ್ಟು ಸಲ ಇಟ್ಟಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಲಿ.

ಇದಕ್ಕೆಲ್ಲ ಎದುರುವಾದ ಇಲ್ಲದಿಲ್ಲ. ಅಡಗುವುದು ತೀರಾ ಸುಲಭ ಎನ್ನುತ್ತಾರೆ. ಸ್ಟೆಲ್ತ್‌ನಲ್ಲಿ ಪರಿಣತಿ ಪಡೆದ ಐದನೇ ಲೆವೆಲ್ ರೋಗ್‌ಗೆ 10 ಸೇರುತ್ತದೆ, ಗಾಬ್ಲಿನ್‌ನ ಪ್ಯಾಸಿವ್ ಪರ್ಸೆಪ್ಶನ್ 9. ಅವಳು ಸೋಲಲು ಸಾಧ್ಯವೇ ಇಲ್ಲ, ನಿಜ. ಆದರೆ ಆ ಪರಿಣತಿಗೆ ಅವಳು ಬೇರೆ ವಿದ್ಯೆಗಳನ್ನು ಬಿಟ್ಟುಕೊಟ್ಟಿದ್ದಾಳೆ. 2024ರ ಪುಸ್ತಕ ಇದನ್ನೂ ಬಿಗಿ ಮಾಡಿದೆ, ಅಡಗಲು ಈಗ ಒಟ್ಟು 15 ಆದರೂ ಬೀಳಬೇಕು. ಶಾರ್ಪ್‌ಶೂಟರ್ ಫೀಟನ್ನು 2014ರ ನಿಯಮದಲ್ಲಿ ಪಡೆದರೆ ಅರ್ಧ ಮರೆಯ ನಿಯಮ ಅವಳಿಗೆ ತಾಗುವುದಿಲ್ಲ ಎಂಬುದೂ ಸರಿ. ಅವಳು ಅದಕ್ಕಾಗಿ ಒಂದು ಇಡೀ ಫೀಟ್ ಕೊಟ್ಟಿದ್ದಾಳೆ, ಕೊಟ್ಟದ್ದಕ್ಕೆ ಪಡೆಯಲಿ. ಆ ಫೀಟ್ ಕತ್ತಲನ್ನು ಸೀಳುವುದಿಲ್ಲ, ಪಕ್ಕಕ್ಕೆ ಬಂದ ಶತ್ರುವನ್ನೂ ಓಡಿಸುವುದಿಲ್ಲ. 2020ರ ಟಾಶಾ ಪುಸ್ತಕ ತಂದ ಸ್ಟೆಡಿ ಏಮ್ ಕೂಡ ಅಡ್ವಾಂಟೇಜ್ ಕೊಡುತ್ತದೆ. ಅದನ್ನು ಬಳಸಿದವಳು ಆ ಸರದಿಯಲ್ಲಿ ಒಂದು ಹೆಜ್ಜೆಯೂ ಇಡುವಂತಿಲ್ಲ, ಅಡಗಲು ಬೋನಸ್ ಆಕ್ಷನ್ ಸಹ ಉಳಿದಿರುವುದಿಲ್ಲ. ಬಯಲಲ್ಲಿ ಹಾಗೆ ನಿಂತವಳಿಗೆ ಎದುರಿನ ಬಿಲ್ಲುಗಾರರು ಏನು ಮಾಡಬೇಕೋ ಅದನ್ನು ಮಾಡಲಿ.

2024ರ ನಿಯಮಗಳು ಇನ್ನೂ ಒಂದು ವಿಷಯದಲ್ಲಿ ನನ್ನ ಮಾತಿಗೆ ಬಲ ಕೊಟ್ಟಿವೆ. ಆಟ ಮಾಡಿದವರು ಹತ್ತಿರದ ರೋಗ್‌ಗೆ ಏನಾದರೂ ಕೊಡಬೇಕೆಂದು ಕಂಡಾಗ ದೂರದವಳಿಂದ ಕಿತ್ತುಕೊಳ್ಳಲಿಲ್ಲ. ಬಾಕು ಮತ್ತು ಸಿಮಿಟರ್‌ಗೆ ನಿಕ್ ಎಂಬ ಗುಣ ಕೊಟ್ಟರು. ಅದರಿಂದ ಎರಡನೇ ಕತ್ತಿಯ ಏಟು ಬೋನಸ್ ಆಕ್ಷನ್ ತಿನ್ನದೆ ಮೊದಲಿನದರ ಜೊತೆಗೇ ಸಿಗುತ್ತದೆ, ಜಾರಿಕೊಳ್ಳಲು ಬೋನಸ್ ಆಕ್ಷನ್ ಉಳಿಯುತ್ತದೆ. ಐದನೇ ಲೆವೆಲ್‌ನಲ್ಲಿ ಕನ್ನಿಂಗ್ ಸ್ಟ್ರೈಕ್ ಬಂತು. ಒಂದು ದಾಳ ಬಿಟ್ಟುಕೊಟ್ಟರೆ ಶತ್ರುವನ್ನು ಕೆಡವಬಹುದು, ಇಲ್ಲವೇ ಹೊಡೆದ ಕೂಡಲೇ ಅರ್ಧ ನಡಿಗೆಯಷ್ಟು ಹಿಂದೆ ಸರಿಯಬಹುದು, ಯಾರೂ ತಡೆದು ಹೊಡೆಯಲಾರರು. ಇಲ್ಲೂ ನೆಲಕ್ಕೆ ಬಿದ್ದ ಶತ್ರುವಿಗೆ 5 ಅಡಿಯೊಳಗಿನವರು ಅಡ್ವಾಂಟೇಜ್‌ನಿಂದ ಹೊಡೆಯುತ್ತಾರೆ, ದೂರದ ಬಾಣಕ್ಕೆ ಡಿಸ್‌ಅಡ್ವಾಂಟೇಜ್. ಹತ್ತಿರ ಹೋಗುವುದಕ್ಕೆ ದಾರಿ ಮಾಡಿಕೊಟ್ಟರು. ದೂರ ನಿಂತವಳ ದಾಳ ಅವಳ ಕೈಯಲ್ಲೇ ಉಳಿಯಿತು.

ಹೌಸ್ ರೂಲ್ ಮಾಡುವುದು ತಪ್ಪಲ್ಲ. ಈ ಆಟವನ್ನು ಹುಟ್ಟಿಸಿದವರೂ ಮೇಜಿನಲ್ಲಿ ನಿಯಮ ತಿದ್ದುತ್ತಲೇ ಬೆಳೆಸಿದರು. ನನ್ನ ತಕರಾರು ಇರುವುದು ಒಬ್ಬ ಆಟಗಾರ್ತಿ ಪುಸ್ತಕ ಓದಿ, ತನ್ನ ಪಾತ್ರದ ಹುಟ್ಟುಗುಣ ಅರಿತು, ಎಲ್ಲಿ ನಿಲ್ಲಬೇಕೆಂದು ಯೋಚಿಸಿ ಆಡಿದಾಗ, ಆ ಜಾಣತನವನ್ನೇ ದೋಷ ಎಂದು ಎಣಿಸುವುದಕ್ಕೆ. ಅವಳು ಮುಂದಿನ ಸಲ ಕಡಿಮೆ ಯೋಚಿಸುತ್ತಾಳೆ. ಪಕ್ಕದಲ್ಲಿ ಕೂತ ಹೊಸಬ ಅದನ್ನು ನೋಡಿ ಯೋಚಿಸುವುದನ್ನೇ ಕಲಿಯುವುದಿಲ್ಲ.

ಡಿಎಂ ಆಗಿ ಕೂರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಆಟದಲ್ಲಿ ಪಂಜು ಯಾರ ಕೈಯಲ್ಲಿದೆ ಎಂದು ಕೇಳಿ. ಬಾಣದ ದಾರಿಯಲ್ಲಿ ಯಾರು ನಿಂತಿದ್ದಾರೆ ಎಂದು ನಕ್ಷೆ ನೋಡಿ. ಒಂದು ಗಾಬ್ಲಿನ್‌ಗಾದರೂ ಹಿಂದಕ್ಕೆ ತಿರುಗಿ ನೋಡುವ ಬುದ್ಧಿ ಕೊಡಿ. ನಿಮ್ಮ ಮೇಜಿನಲ್ಲಿ ಆಗಲೇ ನಾಲ್ಕು ಮುಖದ ದಾಳದ ನಿಯಮ ನಡೆಯುತ್ತಿದ್ದರೆ, ಆಟ ಶುರುವಾಗುವ ಮೊದಲೇ ಅದನ್ನು ತೆಗೆದುಹಾಕಿ, ರೋಗ್ ಆಡುವವರಿಗೆ ಅವರ ಆರು ಮುಖದ ದಾಳಗಳನ್ನು ವಾಪಸು ಕೊಡಿ.